ವಿಶ್ವ ವಿಕಲಚೇತನರ ದಿನ (ಡಿಸೆಂಬರ್ 3): ಹಿನ್ನೆಲೆ ಹಾಗೂ ಮಹಾಲಕ್ಷ್ಮಿ ಲೇಔಟ್‌ ಅರ್ಜಿದಾರರಿಗೆ ಮಾಹಿತಿ

ಪ್ರತಿ ವರ್ಷ ಡಿಸೆಂಬರ್ 3ರಂದು ವಿಶ್ವ ವಿಕಲಚೇತನರ ದಿನವನ್ನು ಆಚರಿಸಲಾಗುತ್ತದೆ. ವಿಶ್ವಸಂಸ್ಥೆಯು 1981ನೇ ಇಸವಿಯನ್ನು ಅಂತರರಾಷ್ಟ್ರೀಯ ಅಂಗವಿಕಲರ ವರ್ಷವೆಂದೂ, 1983ರಿಂದ 1992ರವರೆಗಿನ ಅವಧಿಯನ್ನು ಅಂಗವಿಕಲರ ದಶಕವೆಂದೂ ಘೋಷಿಸಿತ್ತು. ಸದರಿ ದಶಕದ ಕೊನೆಯಲ್ಲಿ, 14-10-1992ರಂದು, ಸಾಮಾನ್ಯ ಸಭೆಯು ನಿರ್ಣಯ ಅಂಗೀಕರಿಸಿ ಈ ದಿನವನ್ನು ನಿಗದಿಪಡಿಸಿತು. ವಿಕಲಚೇತನರ ಕುರಿತ ವಿಶ್ವ ಕ್ರಿಯಾ ಯೋಜನೆಯು 1982ರ ಇದೇ ದಿನಾಂಕದಂದು ಅಂಗೀಕೃತವಾಗಿತ್ತು.

ನಮ್ಮ ದೇಶದಲ್ಲಿ 1995ರ ಕಾಯ್ದೆಯ ಸ್ಥಾನದಲ್ಲಿ ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ದಿನಾಂಕ 19-04-2017ರಿಂದ ಜಾರಿಯಲ್ಲಿದೆ. ಹಿಂದಿನ 7 ಬಗೆಯ ವೈಕಲ್ಯಗಳ ಬದಲು ಈಗ 21 ಬಗೆಯ ವೈಕಲ್ಯಗಳನ್ನು ಪರಿಗಣಿಸಲಾಗುತ್ತದೆ. ಅನುಕಂಪದ ನೆರವಿನ ಬದಲಾಗಿ ಹಕ್ಕು ಎಂಬುದೇ ಈ ಕಾಯ್ದೆಯ ತಿರುಳು. ಮಹಾಲಕ್ಷ್ಮಿ ಲೇಔಟ್ ನಿವಾಸಿಗಳಿಗೆ ಇದರ ಪರಿಚಿತ ಉದಾಹರಣೆ, 2014ರಲ್ಲಿ ಆರಂಭವಾದ ಮಹಾಲಕ್ಷ್ಮಿ ಮೆಟ್ರೋ ನಿಲ್ದಾಣ. ಎತ್ತರದಲ್ಲಿರುವ ಈ ನಿಲ್ದಾಣದಲ್ಲಿ ಲಿಫ್ಟ್ ಇರುವುದರಿಂದ ಗಾಲಿಕುರ್ಚಿ ಬಳಸುವವರೂ ಪ್ಲಾಟ್‌ಫಾರಂ ತಲುಪಬಹುದು. ಸಾರಿಗೆ ವ್ಯವಸ್ಥೆ ಎಲ್ಲರಿಗೂ ಎಟುಕುವಂತಿರಬೇಕೆಂಬುದು ಕಾಯ್ದೆಯ ವಿಧಿಯೇ ಆಗಿದೆ.

ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯ ಪ್ರಮಾಣೀಕೃತವಾದವರಿಗೆ ಕಾಯ್ದೆಯನ್ವಯ ದೊರೆಯುವ ಪ್ರಮುಖ ಹಕ್ಕುಗಳು:

1) 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ.
2) ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟುಗಳ ಮೀಸಲಾತಿ.
3) ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4 ಮೀಸಲಾತಿ.

ಪ್ರಮಾಣಪತ್ರವಿಲ್ಲದಿದ್ದಲ್ಲಿ ಅರ್ಹರಿಗೂ ಈ ಮೀಸಲಾತಿ ಕೈತಪ್ಪುತ್ತದೆ. ವಿದ್ಯಾರ್ಥಿಗೆ ಒಂದು ವರ್ಷದ ಪ್ರವೇಶ, ಉದ್ಯೋಗಾಕಾಂಕ್ಷಿಗೆ ಒಂದು ನೇಮಕಾತಿ ಅವಕಾಶ ತಪ್ಪಿದರೆ ಅದು ಮತ್ತೆ ಒದಗುವುದೆಂಬ ಭರವಸೆಯಿಲ್ಲ. ಆದುದರಿಂದ ದಿನಾಚರಣೆಯ ಸಮಾರಂಭಕ್ಕಾಗಿಯಾಗಲೀ, ಪ್ರವೇಶ ಅಥವಾ ನೇಮಕಾತಿಯ ಪ್ರಕಟಣೆಗಾಗಿಯಾಗಲೀ ಕಾಯದೆ ಮುಂಚಿತವಾಗಿಯೇ ಅರ್ಜಿ ಸಲ್ಲಿಸುವುದು ಸೂಕ್ತ.

ಅರ್ಜಿ ಸಲ್ಲಿಸುವ ಕ್ರಮ:

1) ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಯು.ಡಿ.ಐ.ಡಿ. (ವಿಶಿಷ್ಟ ಗುರುತಿನ ಚೀಟಿ) ಅರ್ಜಿಯನ್ನು ಭರ್ತಿ ಮಾಡತಕ್ಕದ್ದು.
2) ಭಾವಚಿತ್ರ, ಆಧಾರ್ ಹಾಗೂ ವಾಸಸ್ಥಳದ ದಾಖಲೆಗಳನ್ನು ಲಗತ್ತಿಸತಕ್ಕದ್ದು.
3) ನಿಗದಿತ ಆಸ್ಪತ್ರೆಯಲ್ಲಿ ವೈದ್ಯಕೀಯ ಪ್ರಾಧಿಕಾರದ ಮುಂದೆ ತಪಾಸಣೆಗೆ ಹಾಜರಾಗತಕ್ಕದ್ದು.

ಹೀಗೆ ದೊರೆತ ಪ್ರಮಾಣಪತ್ರವು ದೇಶದಾದ್ಯಂತ ಮಾನ್ಯವಾಗಿರುತ್ತದೆ. ಪ್ರಾಧಿಕಾರದ ತೀರ್ಮಾನ ಒಪ್ಪಿಗೆಯಾಗದಿದ್ದಲ್ಲಿ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಹಕ್ಕುಗಳಿಂದ ವಂಚಿತರಾದಲ್ಲಿ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ನೀಡಬಹುದು.

ಸಾರ್ವಜನಿಕರು ಮಧ್ಯವರ್ತಿಗಳನ್ನು ಅವಲಂಬಿಸದೆ, ಹೆಚ್ಚಿನ ಮಾಹಿತಿಗಾಗಿ ಬೆಂಗಳೂರು ನಗರ ಜಿಲ್ಲೆಯ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಛೇರಿಯನ್ನು ಸಂಪರ್ಕಿಸಿ, ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.