ಬೋರ್ಡಿಗೆ ಕನ್ನಡ ಬಂತು, ಒತ್ತು ಎಲ್ಲಿ ಹೋಯ್ತು?

ಯಲಹಂಕ, ವೈಟ್‌ಫೀಲ್ಡ್, ರಾಜರಾಜೇಶ್ವರಿನಗರ... ಬೆಂಗಳೂರಿನ ಯಾವ ಅಂಚಿಗೇ ಹೋಗಿ, ಶಾಪಿಂಗ್ ಕಾಂಪ್ಲೆಕ್ಸ್‌ಗಳ ಮುಖ ಬದಲಾಗಿದೆ. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲರ್ಧದಲ್ಲಿ ಅಂತ 2024ರಲ್ಲಿ ಕಾನೂನಿಗೆ ತಿದ್ದುಪಡಿ ಆಯ್ತಲ್ಲ, ಅದರ ಫಲ. ಖುಷಿಯ ವಿಷಯವೇ. ಆದರೆ ಬೋರ್ಡನ್ನು ಟೇಪು ಹಿಡಿದು ಅಳೆದವರೇ ಜಾಸ್ತಿ, ಓದಿ ನೋಡಿದವರು ಕಮ್ಮಿ.

ನನ್ನದು ಡಿಸೈನ್ ಕೆಲಸ. ಎಸ್ಕಲೇಟರ್ ಏರುವಾಗಲೂ ಕಣ್ಣು ಬೋರ್ಡಿನ ಮೇಲೆಯೇ. ಇಂಗ್ಲಿಷ್ ಹೆಸರಿಗೆ ದುಡ್ಡು ಕೊಟ್ಟು ಬರೆಸಿದ ಲೋಗೋ ಇರುತ್ತೆ. ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಮೊದಲು ಸಿಕ್ಕಿದ ಫಾಂಟು. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರಕ್ಕೆ ನಿಲ್ಲುತ್ತವೆ. ನಮ್ಮವು ಹಾಗಲ್ಲ, ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತು. ‘ವಸ್ತ್ರ’ ಅನ್ನೋ ಪುಟ್ಟ ಪದಕ್ಕೇ ಸಾಲಿನ ಕೆಳಗೆ ಎರಡು ಒತ್ತಿನ ಜಾಗ ಬೇಕು. ಜಾಗ ಸಾಲದಿದ್ದರೆ ಅಕ್ಷರ ಕುಗ್ಗಿಸಿ ಅಡ್ಡಕ್ಕೆ ಎಳೀತಾರೆ. ಆಗ ‘ಪ’, ‘ಷ’ ದೂರದಿಂದ ಒಂದೇ ಥರ. ‘ಷ’ದ ಒಳಗಿನ ಗೆರೆ ಎಲ್‌ಇಡಿ ಬೆಳಕಲ್ಲಿ ಕರಗಿಹೋಗಿರುತ್ತೆ.

ಇನ್ನು ಕೆಲವು ಕಡೆ ಅದೇ ಪದ ‘ವಸ್‌ತ್‌ರ’ ಆಗಿ ನೇತಾಡುತ್ತೆ! ಬೋರ್ಡ್ ಮಾಡುವವರು ಎಷ್ಟೋ ವರ್ಷ ಹಳೇ ನುಡಿ ಫಾಂಟಿನಲ್ಲಿ ಕೆಲಸ ಮಾಡಿದವರು. ಗಿರಾಕಿ ವಾಟ್ಸಾಪ್‌ನಲ್ಲಿ ಕಳಿಸೋದು ಯೂನಿಕೋಡ್. ಸಾಫ್ಟ್‌ವೇರ್‌ಗೆ ಒತ್ತು ಕೂಡಿಸಲು ಬರದಿದ್ದರೆ ಅಕ್ಷರ ಬಿಡಿಬಿಡಿ.

ಇದು ಬರೀ ಅಂದಚೆಂದದ ಮಾತಲ್ಲ. ನಮ್ಮಮ್ಮನಿಗೆ ಕನ್ನಡ ಬಿಟ್ಟು ಬೇರೆ ಓದೋಕೆ ಬರಲ್ಲ. ಒಂದು ಸಲ ಬಿಪಿ ಮಾತ್ರೆ ಮುಗಿದಿತ್ತು. ಔಷಧಿ ಅಂಗಡಿ ಎದುರೇ ನಿಂತು, “ಇಲ್ಲಿ ಮೆಡಿಕಲ್ ಶಾಪ್ ಎಲ್ಲಪ್ಪಾ?” ಅಂತ ಸೆಕ್ಯುರಿಟಿ ಹುಡುಗನನ್ನು ಕೇಳ್ತಿದ್ರು. ತಲೆ ಮೇಲೆಯೇ ಕನ್ನಡ ಬೋರ್ಡು, ಮಾರುದ್ದ, ಕಡ್ಡಿಯಷ್ಟು ತೆಳ್ಳಗೆ. ನಾವು ಲೋಗೋದ ಬಣ್ಣ ನೋಡಿಯೇ ಅಂಗಡಿ ಗುರುತು ಹಿಡೀತೀವಿ, ಅದಕ್ಕೇ ಈ ಕಷ್ಟ ನಮಗೆ ಕಾಣಿಸೋದೇ ಇಲ್ಲ.

ಒಳ್ಳೆ ಫಾಂಟಿಗೆ ದುಡ್ಡು ಬೇಕು ಅಂತೇನಿಲ್ಲ. ಏಕ್ ಟೈಪ್‌ನವರ ‘ಬಾಲೂ ತಮ್ಮ’, ‘ಅನೇಕ್ ಕನ್ನಡ’ ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ‘ಅನೇಕ್’ನಲ್ಲಿ ಅಗಲ-ಕಿರಿದು ರೂಪಗಳೂ ಇವೆ, ಕೈಯಿಂದ ಎಳೆಯೋ ಅಗತ್ಯವೇ ಇಲ್ಲ. ಫೋಟೋಶಾಪ್‌ನಲ್ಲಿ ಒತ್ತು ಒಡೆದರೆ ‘ವರ್ಲ್ಡ್-ರೆಡಿ ಲೇಔಟ್’ ಆನ್ ಮಾಡಿಸಿ. ಪರಿಚಯದವರು ಯಾರಾದ್ರೂ ಅಂಗಡಿ ತೆರೀತಿದ್ರೆ ಡಿಸೈನ್ ತರಿಸಿಕೊಂಡು ಮೊಬೈಲ್‌ನಲ್ಲಿ ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ ಓದಿ ನೋಡಿ, ಅಕ್ರಿಲಿಕ್ ಕತ್ತರಿಸೋಕೆ ಮುಂಚೆ.