ಮಳೆಯ ಮುನ್ಸೂಚನೆ: ತಯಾರಾಗುವುದು ಹೇಗೆ? ಬಳಸುವುದು ಹೇಗೆ?



"ರೇಡಿಯೋದಾಗ ಮಳಿ ಬರ್ತೈತಿ ಅಂತಾರ, ಇಲ್ಲಿ ನೋಡಿದ್ರ ಬಿಸಲು. ಇಲ್ಲ ಅಂದ ದಿನಾನ ಸುರೀತೈತಿ." ಬಿಜ್ಜರಗಿ, ತಿಕೋಟಾ, ಬಬಲೇಶ್ವರ ಭಾಗದಲ್ಲಿ ಹವಾಮಾನದ ಸುದ್ದಿ ಬಂದಾಗೆಲ್ಲ ನಾವು ಕೇಳುವ ಮಾತಿದು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂದು ನಕ್ಷತ್ರ ನೋಡಿ ಲೆಕ್ಕ ಹಾಕಿದ ಹಿರಿಯರ ನಾಡು ನಮ್ಮದು. ಇಂದು ಜೋಳದ ಜೊತೆಗೆ ದ್ರಾಕ್ಷಿ ತೋಟಗಳೂ ಇವೆ. ಶೆಡ್ಡಿನಲ್ಲಿ ಒಣಗುತ್ತಿರುವ ದ್ರಾಕ್ಷಿಗೆ ಮಾರ್ಚ್ ತಿಂಗಳಲ್ಲಿ ಒಂದು ಅಕಾಲಿಕ ಮಳೆ ತಾಗಿದರೆ ಬಣ್ಣ ಕೆಟ್ಟು, ವರ್ಷದ ದುಡಿಮೆ ಅರ್ಧ ಬೆಲೆಗೆ ಹೋಗಬಹುದು. ಗುಡುಗಿನ ಹೊತ್ತಿನಲ್ಲಿ ಬೇವಿನ ಮರದ ಕೆಳಗೆ ನಿಂತರೆ ಜೀವವೇ ಹೋಗಬಹುದು. ಆದ್ದರಿಂದ ಮುನ್ಸೂಚನೆಯ ಮಾತನ್ನು ಸರಿಯಾಗಿ ಓದಲು ಕಲಿಯೋಣ.

ತಯಾರಾಗುವುದು ಹೇಗೆ?

ಈ ಕೆಲಸ ಮಾಡುವುದು 1875ರಲ್ಲಿ ಸ್ಥಾಪನೆಯಾದ ಭಾರತ ಹವಾಮಾನ ಇಲಾಖೆ. ಇದರಲ್ಲಿ ಮೂರು ಹಂತಗಳಿವೆ.

1. ನೋಡುವುದು: ದಿನಾಲೂ ಬೆಳಿಗ್ಗೆ 8.30ಕ್ಕೆ ಮಳೆಮಾಪಕ ನೋಡಿ ಹಿಂದಿನ 24 ಗಂಟೆಯ ಮಳೆಯನ್ನು ಬರೆದುಕೊಳ್ಳುತ್ತಾರೆ. ದೇಶದ ಹಲವು ಕೇಂದ್ರಗಳಿಂದ ಉಪಕರಣ ಕಟ್ಟಿದ ಬಲೂನು ಹಾರಿಸಿ, ಮೇಲಿನ ಗಾಳಿಯ ಉಷ್ಣತೆ, ತೇವ ಮತ್ತು ವೇಗ ತಿಳಿಯುತ್ತಾರೆ. ಇನ್ಸಾಟ್ ಉಪಗ್ರಹಗಳು ಮೇಲಿನಿಂದ ಮೋಡಗಳ ಚಿತ್ರ ಕಳಿಸುತ್ತವೆ. ರಾಡಾರ್ ಮೋಡದೊಳಗಿನ ಮಳೆಹನಿಯನ್ನು ಗುರುತಿಸುತ್ತದೆ. ನಮ್ಮ ರಾಜ್ಯದಲ್ಲಿ ಯಲಹಂಕದಲ್ಲಿರುವ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿ ಮಟ್ಟದಲ್ಲಿ ಹವಾಮಾನ ಯಂತ್ರಗಳನ್ನು, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿಯೇ ಮಾಹಿತಿ ಕಳಿಸುವ ಮಳೆಮಾಪಕಗಳನ್ನು ಕೂರಿಸಿದೆ.

2. ಲೆಕ್ಕ ಹಾಕುವುದು: ಈ ಮಾಹಿತಿಯೆಲ್ಲ ದೊಡ್ಡ ಕಂಪ್ಯೂಟರಿಗೆ ಹೋಗುತ್ತದೆ. 2024ರಲ್ಲಿ ಪುಣೆಯಲ್ಲಿ 'ಅರ್ಕ', ನೋಯ್ಡಾದಲ್ಲಿ 'ಅರುಣಿಕ' ಎಂಬ ಸೂಪರ್ ಕಂಪ್ಯೂಟರುಗಳು ಬಂದವು. ಕಂಪ್ಯೂಟರ್ ಇಡೀ ಭೂಮಿಯನ್ನು ಚೌಕಗಳಾಗಿ ಭಾಗ ಮಾಡಿ, ಒಂದೊಂದು ಚೌಕದಲ್ಲಿ ಗಾಳಿ, ತೇವ ಹೇಗೆ ಬದಲಾಗುತ್ತವೆ ಎಂದು ಲೆಕ್ಕ ಹಾಕುತ್ತದೆ. 2025ರಲ್ಲಿ ಆರಂಭವಾದ ಭಾರತ್ ಮುನ್ಸೂಚನಾ ವ್ಯವಸ್ಥೆಯಲ್ಲಿ ಒಂದು ಚೌಕ ಸುಮಾರು 6 ಕಿ.ಮೀ. ಇದೆ. ಆರಂಭದ ಅಂಕಿಗಳನ್ನು ಸ್ವಲ್ಪ ಸ್ವಲ್ಪ ಬದಲಿಸಿ ಅದೇ ಲೆಕ್ಕವನ್ನು ಹತ್ತಾರು ಸಲ ಮಾಡುತ್ತಾರೆ. ಬಹಳಷ್ಟು ಸಲ ಮಳೆ ಅಂತ ಉತ್ತರ ಬಂದರೆ ಮಳೆಯ ಸಂಭವ ಹೆಚ್ಚು.

3. ತೀರ್ಮಾನಿಸುವುದು: ತಜ್ಞರು ಕಂಪ್ಯೂಟರಿನ ಉತ್ತರವನ್ನು ಉಪಗ್ರಹದ ಚಿತ್ರ ಮತ್ತು ತಮ್ಮ ಅನುಭವದೊಂದಿಗೆ ತಾಳೆ ನೋಡಿ ಪ್ರಕಟಿಸುತ್ತಾರೆ.

ತಪ್ಪುವುದು ಯಾಕೆ?

ಬಂಗಾಳ ಕೊಲ್ಲಿಯಲ್ಲಿ ಹುಟ್ಟುವ ವಾಯುಭಾರ ಕುಸಿತ ನೂರಾರು ಕಿ.ಮೀ. ಹರಡಿರುತ್ತದೆ. ಅದರ ದಾರಿಯನ್ನು ಕೆಲವು ದಿನ ಮೊದಲೇ ಅಂದಾಜು ಮಾಡಬಹುದು. ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನ ಮಳೆ ಬಂದದ್ದು ಇಂಥ ವಾಯುಭಾರ ಕುಸಿತದಿಂದ. ಆದರೆ ಬೇಸಿಗೆಯ ಗುಡುಗಿನ ಮೋಡ ಕೆಲವೇ ಕಿ.ಮೀ. ಅಗಲ, ಒಂದೆರಡು ತಾಸಿನಲ್ಲಿ ಹುಟ್ಟಿ, ಸುರಿದು ಮುಗಿಯುತ್ತದೆ. ಬಿಜ್ಜರಗಿಯಲ್ಲಿ ಬಿದ್ದ ಮಳೆ ತಿಕೋಟಾದಲ್ಲಿ ಬೀಳದಿರುವುದು ಇದರಿಂದಲೇ. ಇಂಥ ಮೋಡಕ್ಕೆ ಮುಂದಿನ 3 ತಾಸಿನ ತುರ್ತು ಸೂಚನೆಯೇ ಹೆಚ್ಚು ಉಪಯುಕ್ತ.

ಮಾತಿನ ಅರ್ಥ ತಿಳಿಯಿರಿ

ವರದಿಯಲ್ಲಿ 'ಒಂದೆರಡು ಕಡೆ' ಎಂದರೆ ಆ ಪ್ರದೇಶದ ಮಳೆ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ ಮಾತ್ರ ಮಳೆ. 'ಕೆಲವು ಕಡೆ' ಎಂದರೆ 26ರಿಂದ 50. 'ಹಲವು ಕಡೆ' ಎಂದರೆ 51ರಿಂದ 75. 'ಬಹುತೇಕ ಎಲ್ಲ ಕಡೆ' ಎಂದರೆ ಅದಕ್ಕಿಂತ ಹೆಚ್ಚು. ಜಿಲ್ಲೆಯಲ್ಲಿ 'ಒಂದೆರಡು ಕಡೆ ಮಳೆ' ಎಂದ ದಿನ ನಮ್ಮೂರು ಒಣಗಿದ್ದರೆ ವರದಿ ಸುಳ್ಳಾಗಲಿಲ್ಲ.

'ಭಾರೀ ಮಳೆ' ಎಂದರೆ 24 ತಾಸಿನಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ.ವರೆಗೆ. ಒಂದು ಎಕರೆ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ಅಂದರೆ ಭಾರೀ ಮಳೆಗೆ ಎಕರೆಗೆ ಎರಡೂವರೆ ಲಕ್ಷ ಲೀಟರಿಗೂ ಹೆಚ್ಚು!

ಬಣ್ಣಗಳು ಹೀಗಿವೆ: ಹಸಿರು – ಎಚ್ಚರಿಕೆ ಇಲ್ಲ, ಹಳದಿ – ಗಮನವಿಡಿ, ಕಿತ್ತಳೆ – ಸಿದ್ಧರಾಗಿರಿ, ಕೆಂಪು – ಕೂಡಲೇ ಕ್ರಮ ಕೈಗೊಳ್ಳಿ.

ನಾವು ಮಾಡಬೇಕಾದದ್ದು

* ಎರಡು ನಷ್ಟ ತೂಗಿ ನೋಡಿರಿ. ಶೆಡ್ಡಿಗೆ ತಾಡಪತ್ರಿ ಕಟ್ಟಿದ ಮೇಲೆ ಮಳೆ ಬರದಿದ್ದರೆ ಹೋಗುವುದು ಅರ್ಧ ದಿನದ ಕೂಲಿ. ಕಟ್ಟದೇ ಬಿಟ್ಟು ಮಳೆ ಬಂದರೆ ಹೋಗುವುದು ಇಡೀ ಮಾಲು. ಹತ್ತು ಎಚ್ಚರಿಕೆಯಲ್ಲಿ ಐದು ಸುಳ್ಳಾದರೂ ಕಟ್ಟಿದವನಿಗೇ ಲಾಭ.

* ಔಷಧ ಸಿಂಪಡಿಸುವ ಮುನ್ನ, ಗೊಬ್ಬರ ಹಾಕುವ ಮುನ್ನ ಮುನ್ಸೂಚನೆ ಕೇಳಿರಿ. ವಿಜಯಪುರದ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರದಿಂದ ಮಂಗಳವಾರ ಮತ್ತು ಶುಕ್ರವಾರ ಬೆಳೆ ಸಲಹೆಯೊಂದಿಗೆ ಹವಾಮಾನ ವರದಿ ಬರುತ್ತದೆ. ಮೊಬೈಲಿನಲ್ಲಿ 'ಮೇಘದೂತ', ಸಿಡಿಲಿನ ಎಚ್ಚರಿಕೆಗೆ 'ದಾಮಿನಿ' ಆ್ಯಪ್‌ಗಳಿವೆ. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು.

* ಗುಡುಗು ಕೇಳಿಸಿತೆಂದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರವಿದೆ ಎಂದೇ ತಿಳಿಯಿರಿ. ಮರದ ಕೆಳಗೆ ನಿಲ್ಲಬೇಡಿರಿ. ತಂತಿ ಬೇಲಿ ಮತ್ತು ದ್ರಾಕ್ಷಿ ಚಪ್ಪರದ ತಂತಿಯಿಂದ ದೂರ ಸರಿಯಿರಿ. ಪಕ್ಕಾ ಮನೆ ಸೇರಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆದ ಮೇಲೆಯೇ ಹೊರಗೆ ಬನ್ನಿರಿ.

ಎಚ್ಚರಿಕೆ ದಿಲ್ಲಿಯಿಂದ ಬೆಂಗಳೂರಿಗೆ, ಅಲ್ಲಿಂದ ವಿಜಯಪುರಕ್ಕೆ ಕ್ಷಣದಲ್ಲಿ ಬರುತ್ತದೆ. ಕಳೆ ತೆಗೆಯುವ ಅಕ್ಕನ ಕೈಯಲ್ಲಿ, ಕುರಿ ಕಾಯುವ ಅಣ್ಣನ ಕೈಯಲ್ಲಿ ಅಂಥ ಮೊಬೈಲ್ ಇರುವುದಿಲ್ಲ. ಸಿಡಿಲಿಗೆ ಸಿಗುವವರು ಹೆಚ್ಚಾಗಿ ಬಯಲಿನಲ್ಲಿರುವ ಇವರೇ. ಆದ್ದರಿಂದ ಪ್ರತಿ ಸಂಘದಲ್ಲಿ ವಾರಕ್ಕೊಬ್ಬರಂತೆ ಪಾಳಿ ಹಚ್ಚಿಕೊಳ್ಳಿರಿ. ಅವರು ಬೆಳಿಗ್ಗೆ ಮತ್ತು ಮಧ್ಯಾಹ್ನ ಮುನ್ಸೂಚನೆ ನೋಡಲಿ, ಹಾಲಿನ ಡೇರಿಯ ಹಲಗೆಯ ಮೇಲೆ ಬರೆಯಲಿ, ಹೊಲದಲ್ಲಿದ್ದವರಿಗೆ ಕೂಗಿ ಹೇಳಲಿ. ಕೂಲಿಗೆ ಕರೆದವರು, "ಮೋಡ ಆಗೈತಿ, ಮನಿಗೆ ನಡೀರಿ, ಪಗಾರ ಮುರಿಯೂದಿಲ್ಲ" ಎಂದು ಹೇಳುವ ಮನಸ್ಸು ಮಾಡಲಿ. ಅಷ್ಟು ಮಾಡಿದರೆ ಎಷ್ಟೋ ಜೀವ ಉಳಿಯುತ್ತವೆ.