ಪಿಯೆರೊ: ನಗಿಸುವವನಿಗೆ ದುಃಖ ಅಂಟಿಕೊಂಡ ಬಗೆ

ಸಡಿಲವಾದ ಬಿಳಿ ಅಂಗಿ, ಎದೆಯುದ್ದಕ್ಕೂ ದೊಡ್ಡ ಗುಂಡಿಗಳು, ಹಿಟ್ಟು ಬಳಿದ ಮುಖ. ಯುರೋಪಿನ ರಂಗಭೂಮಿಯ ಪಿಯೆರೊ ಎಂಬ ವಿದೂಷಕನ ವೇಷ ಇದು. ದುಃಖಿ ವಿದೂಷಕ ಎಂದೊಡನೆ ಅಲ್ಲಿನವರ ಕಣ್ಮುಂದೆ ಬರುವವನು ಇವನೇ. ಆದರೆ ಪಿಯೆರೊ ಹುಟ್ಟಾ ದುಃಖಿಯಲ್ಲ. ಮೋಲಿಯೇರ್‌ನ ‘ಡಾನ್ ಜುವಾನ್’ (1665) ನಾಟಕದಲ್ಲಿ ಈ ಹೆಸರಿನ ಹಳ್ಳಿಗನೊಬ್ಬನಿದ್ದಾನೆ. ಮದುವೆಯಾಗಬೇಕಿದ್ದ ಹುಡುಗಿ ಕಣ್ಣೆದುರೇ ಬೇರೊಬ್ಬನಿಗೆ ಮನಸೋತಾಗ ಏಟು ತಿಂದು ಗೊಣಗುವುದಷ್ಟೇ ಅವನ ಪಾಲು. ಪ್ಯಾರಿಸ್‌ನಲ್ಲಿ ನೆಲೆಸಿದ್ದ ಇಟಲಿಯ ನಟರು 1673ರಲ್ಲಿ ಆ ಕಥೆಯನ್ನು ಮುಂದುವರಿಸಿ ಆಡಿದರು, ಪಾತ್ರವನ್ನು ತಮ್ಮದಾಗಿಸಿಕೊಂಡರು. ಹಾಸ್ಯದ ಸೇವಕರು ಸಾಮಾನ್ಯವಾಗಿ ಮುಖವಾಡ ತೊಡುವ ಅವರ ಪರಂಪರೆಯಲ್ಲಿ ಪಿಯೆರೊ ಬರೀ ಹಿಟ್ಟು ಬಳಿದುಕೊಂಡು ಬಂದ. ಮುಂದಿನದಕ್ಕೆಲ್ಲ ದಾರಿ ತೆರೆದದ್ದು ಇದೇ ಎನ್ನಬೇಕು. ಮುಖವಾಡದ ಭಾವ ಬದಲಾಗದು. ಬಿಳಿ ಬಣ್ಣದ ಮುಖದಲ್ಲಾದರೋ ಹುಬ್ಬಿನ ಸಣ್ಣ ಕದಲಿಕೆಯೂ ಎದ್ದು ಕಾಣುತ್ತದೆ.

1718–19ರ ಸುಮಾರಿಗೆ ಚಿತ್ರಕಾರ ವಾಟೊ ಬರೆದ ಪಿಯೆರೊನ ಚಿತ್ರ ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದಲ್ಲಿದೆ. ಎರಡೂ ಕೈ ಇಳಿಬಿಟ್ಟು ಅವನು ಸುಮ್ಮನೆ ಎದುರಿಗೆ ನೋಡುತ್ತಾ ನಿಂತಿದ್ದಾನೆ. ಅಭಿನಯಿಸದೆ ನಿಂತ ನಟನ ಆ ಮೌನವನ್ನು ನಂತರದ ತಲೆಮಾರುಗಳು ದುಃಖವೆಂದೇ ಓದಿಕೊಂಡವು.

ಪಿಯೆರೊನನ್ನು ಮನೆಮಾತಾಗಿಸಿದವನು ಝಾನ್-ಗಸ್ಪಾರ್ ದೆಬ್ಯುರೊ (1796–1846). ಬೊಹೀಮಿಯಾದಲ್ಲಿ ಹುಟ್ಟಿ, ಪ್ಯಾರಿಸ್‌ನ ಫ್ಯುನಾಂಬ್ಯುಲ್ ಎಂಬ ಅಗ್ಗದ ರಂಗಮಂದಿರ ಸೇರಿದ ಅವನು ಮೂಕಾಭಿನಯದಿಂದಲೇ ಜನರನ್ನು ಹಿಡಿದಿಟ್ಟ. ಕತ್ತಿನ ಸುತ್ತಲ ನೆರಿಗೆಪಟ್ಟಿ ತೆಗೆದ, ತಲೆಗೆ ಕಪ್ಪು ಟೋಪಿ ಬಿಗಿದ. ಮುಖ ಇನ್ನಷ್ಟು ಬೆಳ್ಳಗೆ ಕಂಡಿತು. ಗಮನಿಸಬೇಕಾದದ್ದೆಂದರೆ, ಅವನ ಪಿಯೆರೊ ಅಳುಬುರುಕನಲ್ಲ: ಚತುರ, ಹೊಟ್ಟೆಬಾಕ, ಏನೇ ಆದರೂ ವಿಚಲಿತನಾಗದವನು. ದುಃಖ ಬಂದದ್ದು ರಂಗದ ಹೊರಗಿನಿಂದ. 1836ರಲ್ಲಿ ಬೀದಿಯಲ್ಲಿ ತನ್ನನ್ನು ಹೀಯಾಳಿಸಿದ ಹುಡುಗನಿಗೆ ಅವನು ಬೆತ್ತದಿಂದ ಹೊಡೆದ, ಹುಡುಗ ಸತ್ತ. ನ್ಯಾಯಾಲಯ ದೆಬ್ಯುರೊನನ್ನು ಬಿಡುಗಡೆ ಮಾಡಿತು. ಆ ಮೂಕನಟನ ದನಿ ಹೇಗಿರುತ್ತದೆಂದು ಕೇಳಲೆಂದೇ ಜನ ವಿಚಾರಣೆಗೆ ಮುಗಿಬಿದ್ದರೆಂಬ ಕಥೆ ಉಳಿದಿದೆ. ವೇಷದ ಹಿಂದಿನ ಮನುಷ್ಯನನ್ನು ಹುಡುಕುವ ಈ ಹಂಬಲವೇ ದುಃಖಿ ವಿದೂಷಕನ ನಿಜವಾದ ತಾಯಿಬೇರು. ದೆಬ್ಯುರೊನ ನಂತರದ ನಟ ಪಾಲ್ ಲೆಗ್ರಾಂ, ಪಿಯೆರೊ ರಂಗದ ಮೇಲೇ ಅಳುವಂತೆ ಮಾಡಿದ. ಮಾರ್ಸೆಲ್ ಕಾರ್ನೆಯ 1945ರ ‘ಲೆ ಝಾನ್‌ಫಾಂ ದ್ಯು ಪಾರಾದಿ’ ಚಿತ್ರದಲ್ಲಿ ಝಾನ್-ಲೂಯಿ ಬಾರೊ ಅಭಿನಯಿಸಿದ ದೆಬ್ಯುರೊ, ಪ್ರೀತಿ ಕೈತಪ್ಪಿದ ಕನಸುಗಾರ. ಇಂದು ಜನಮನದಲ್ಲಿರುವುದು ಈ ದೆಬ್ಯುರೊನೇ.

ಲಂಡನ್ನಿನ ವಿದೂಷಕ ಜೋಸೆಫ್ ಗ್ರಿಮಾಲ್ಡಿಯ (1778–1837) ಬಾಳಿನಲ್ಲಿ ದುಃಖಕ್ಕೆ ಹೊರಗಿನ ನೆರವೇ ಬೇಕಿರಲಿಲ್ಲ. ಮೊದಲ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು, ಮಗ ಕುಡಿತಕ್ಕೆ ಬಿದ್ದು ತಂದೆಗಿಂತ ಮೊದಲೇ ಸತ್ತ, ರಂಗದ ಮೇಲಿನ ಜಿಗಿತ ಬೀಳುಗಳಿಂದ ದೇಹ ಐವತ್ತರೊಳಗೇ ಜರ್ಜರಿತವಾಯಿತು. ಅವನ ಆತ್ಮಕಥನವನ್ನು 1838ರಲ್ಲಿ ಪರಿಷ್ಕರಿಸಿ ಹೊರತಂದವನು ಯುವಕ ಚಾರ್ಲ್ಸ್ ಡಿಕನ್ಸ್.

ಸಂಗೀತದಲ್ಲಿ ದುಃಖಿ ವಿದೂಷಕನ ಪಾತ್ರದ ಶಿಖರ ಲಿಯೋನ್‌ಕವಾಲ್ಲೊನ ‘ಪಾಲ್ಯಾಚಿ’ ಎಂಬ ಒಪೆರಾ. 1892ರ ಮೇ 21ರಂದು ಮಿಲಾನ್‌ನಲ್ಲಿ ತೋಸ್ಕನಿನಿಯ ನಿರ್ದೇಶನದಲ್ಲಿ ಇದರ ಮೊದಲ ಪ್ರಯೋಗ ನಡೆಯಿತು. ಊರೂರು ಅಲೆಯುವ ತಂಡದ ಯಜಮಾನ ಕಾನಿಯೊಗೆ ಹೆಂಡತಿ ನೆಡ್ಡಾ ಇನ್ನೊಬ್ಬನನ್ನು ಪ್ರೀತಿಸುವುದು ಗೊತ್ತಾಗುತ್ತದೆ; ಆಟದ ಹೊತ್ತೂ ಆಗಿದೆ, ಬಣ್ಣ ಹಚ್ಚಲೇಬೇಕು. ಅವನು ಆ ಗಳಿಗೆಯಲ್ಲಿ ಹಾಡುವ ‘ವೆಸ್ತಿ ಲಾ ಜೂಬ್ಬಾ’ವನ್ನು ಗಾಯಕ ಕರೂಸೊ ಗ್ರಾಮಫೋನ್ ತಟ್ಟೆಗಳ ಮೂಲಕ ಜಗತ್ತಿಗೆಲ್ಲ ಮುಟ್ಟಿಸಿದ. ರಂಗದ ಮೇಲೂ ಅಂಥದೇ ಹಾದರದ ಪ್ರಹಸನ. ಕಾನಿಯೊ ಪಾತ್ರ ಮರೆತು ಹೆಂಡತಿಯನ್ನು ನಿಜವಾಗಿ ಪ್ರಶ್ನಿಸತೊಡಗಿದಾಗ ಹಳ್ಳಿಯ ಪ್ರೇಕ್ಷಕರು ಅದನ್ನು ಅದ್ಭುತ ಅಭಿನಯವೆಂದೇ ಮೆಚ್ಚುತ್ತಾರೆ. ಕೊನೆಗೆ ಅವನು ಅವಳನ್ನೂ ಪ್ರಿಯಕರನನ್ನೂ ಅಲ್ಲೇ ಇರಿಯುತ್ತಾನೆ. ಶೋನ್‌ಬರ್ಗ್ 1912ರ ‘ಪಿಯೆರೊ ಲ್ಯುನೇರ್’ನಲ್ಲಿ ಹಾಡು–ಮಾತುಗಳ ನಡುವಿನ ದನಿಯೊಂದನ್ನು ಬಳಸಿ, ಪಿಯೆರೊನ ವೇಷಕ್ಕೆ ಹುಚ್ಚು, ಭಯಗಳನ್ನು ತುಂಬಿದ. ಸ್ಮೋಕಿ ರಾಬಿನ್ಸನ್‌ನ ತಂಡ 1970ರಲ್ಲಿ ಗೆದ್ದ ‘ದಿ ಟಿಯರ್ಸ್ ಆಫ್ ಎ ಕ್ಲೌನ್’ ಹಾಡಿನಲ್ಲೂ ಪಾಲ್ಯಾಚಿಯ ಹೆಸರಿದೆ.

ಅದೇ 1970ರಲ್ಲಿ ಹಿಂದಿಯಲ್ಲಿ ಬಂತು ರಾಜ್ ಕಪೂರ್‌ನ ‘ಮೇರಾ ನಾಮ್ ಜೋಕರ್’. ತಾಯಿ ಸತ್ತಾಗಲೂ ಸರ್ಕಸ್ಸಿನ ಜೋಕರ್ ರಾಜು ಕಣಕ್ಕಿಳಿದು ಜನರನ್ನು ನಗಿಸಬೇಕಾಗುತ್ತದೆ. ಕಾನಿಯೊ ವೇಷ ಹರಿದು ಹೊರಬಂದವನು. ರಾಜು ಆಟ ಮುಗಿಸುತ್ತಾನೆ. ಎರಡು ವಿರಾಮಗಳ, ನಾಲ್ಕು ಗಂಟೆಯ ಆ ಚಿತ್ರ ಬಿಡುಗಡೆಯಾದಾಗ ಸೋತು ರಾಜ್ ಕಪೂರ್‌ನನ್ನು ಸಾಲಕ್ಕೆ ದೂಡಿತು. ಮೆಚ್ಚುಗೆ ಬಂದದ್ದು ವರ್ಷಗಳ ನಂತರ.